ಕೆಂಪು ಪರದೆಗೆ ಸೀಲಪ್ಪನವರ ಅರ್ಜಿ

ಇದು ನಡೆದ ಸಂಗತಿ. ಕಟ್ಟಿದ ಕಥೆಯಾಗಿದ್ದರೆ ಇದಕ್ಕಿಂತ ಸ್ವಲ್ಪ ನಂಬುವ ಹಾಗಿರುತ್ತಿತ್ತು. ಇಂಥ ಸಂದರ್ಭಕ್ಕೆ ಹೊಂದುವ ಗಾದೆಯೊಂದನ್ನು ಮೊದಲಿಗೆ ಹೇಳಿ ಮುಂದುವರಿಯುವುದು ಪದ್ಧತಿ. ಆದರೆ ಹಿರಿಯರ ಕಾಲದಲ್ಲಿ ಕಂಪ್ಯೂಟರಿಗೆ ಕಾವಲುಗಾರನನ್ನು ನೇಮಿಸುವ ಅಭ್ಯಾಸವಿರಲಿಲ್ಲವಾದ್ದರಿಂದ ಅವರು ಈ ವಿಷಯದಲ್ಲಿ ಬಾಯಿ ಬಿಡದೆಯೇ ಹೋಗಿಬಿಟ್ಟಿದ್ದಾರೆ. ಮುಂದಿನವರಿಗೆ ದಾರಿ ತೋರುವ ಭಾರವೆಲ್ಲ ಸೀಲಪ್ಪನವರ ಮೇಲೆ ಬಿತ್ತು.

ನೀರು ಸರಬರಾಜು ಕಚೇರಿಯ ಆವಕ ವಿಭಾಗದಲ್ಲಿ, ಅಂದರೆ ಹೊರಗಿನಿಂದ ಬಂದ ಕಾಗದಗಳನ್ನು ಬರಮಾಡಿಕೊಳ್ಳುವ ಮೇಜಿನಲ್ಲಿ, ಇಪ್ಪತ್ತಾರು ವರ್ಷಗಳಿಂದ ಕೂತವರು ಸೀಲಪ್ಪನವರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡುತ್ತಿದೆ. ಯಾವ ಕಾಗದಕ್ಕೇ ಆಗಲಿ ಸೀಲು ಒತ್ತುವ ಮುಂಚೆ ಅವರು ಅದನ್ನು ಮೂರು ಸಲ ಓದುತ್ತಾರೆ. ಒಂದು ಸಲ ಏನು ಬರೆದಿದೆ ಎಂದು, ಇನ್ನೊಂದು ಸಲ ಏನು ಬರೆದಿಲ್ಲ ಎಂದು, ಮತ್ತೊಂದು ಸಲ ಅಭ್ಯಾಸಬಲದಿಂದ. ಮನೆಯಲ್ಲೂ ಅವರದೊಂದು ಖಾಸಗಿ ಸೀಲುಂಟು. ಒಗೆಯಲು ಕೊಟ್ಟ ಬಟ್ಟೆಯ ಪಟ್ಟಿಗೂ ಅವರು ‘ಸ್ವೀಕರಿಸಲಾಗಿದೆ’ ಎಂದು ಒತ್ತಿದ್ದಾರೆಂದು ಹೇಳುವವರಿದ್ದಾರೆ. ಅದು ಸುಳ್ಳು. ಒತ್ತಿದ್ದು ‘ಪರಿಶೀಲಿಸಲಾಗಿದೆ’ ಎಂದು.

ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲ ಓದದೆ ಒತ್ತಿದರು. ಆ ಭಾನುವಾರ ಅವರು ಮನೆಯ ಕಂಪ್ಯೂಟರಿಗೆ ವೈರಸ್ ತಡೆಯುವ ರಕ್ಷಣಾ ಸಾಫ್ಟ್‌ವೇರ್ ಹಾಕುತ್ತಿದ್ದರು. ಪರದೆ ‘ಮುಂದೆ’ ಎಂದಿತು, ಒತ್ತಿದರು. ‘ಒಪ್ಪಿದೆ’ ಎಂದಿತು, ಒಪ್ಪಿದರು. ಹನ್ನೊಂದು ಸಲ ಹೀಗೆ ಮುಂದೆ ಮುಂದೆ ಹೋಗಿ ನೋಡಿದರೆ ಪರದೆಯ ಮೂಲೆಯಲ್ಲಿ ಪುಟ್ಟ ಹಸಿರು ಗುರಾಣಿ ಕೂತಿತ್ತು. ಬೇಡದ ಜಾಲತಾಣಗಳನ್ನು ತಡೆಯುವ ಇನ್ನೊಂದು ಏರ್ಪಾಡು ಆ ಗುರಾಣಿಯ ಹಿಂದೆ ಅಡಗಿ ಒಳಗೆ ಬಂದಿದೆಯೆಂದು ಏಳನೆಯ ಒಪ್ಪಿಗೆಯಲ್ಲಿ ಸ್ಪಷ್ಟವಾಗಿ ಬರೆದಿತ್ತಂತೆ.

ಅದು ಹತ್ತು ಯಂತ್ರಗಳ ‘ಕುಟುಂಬ ಪ್ಯಾಕ್’. ಮನೆಯಲ್ಲಿದ್ದದ್ದು ಮೂರು. ಮಂಜೂರಾದದ್ದನ್ನು ಬಳಸದೆ ವಾಪಸ್ ಕಳಿಸುವುದು ಸರ್ಕಾರಿ ರಕ್ತಕ್ಕೆ ಒಗ್ಗುತ್ತದೆಯೇ? ಸೀಲಪ್ಪನವರು ಉಳಿದ ಏಳನ್ನು ಕಟ್ಟಡದ ನೆರೆಯವರಿಗೆಲ್ಲ ಹಂಚಿದರು. ಎದುರುಮನೆಯ ಗಣಿತದ ಟೀಚರಿಗೆ, ಕೆಳಗಿನ ಬೇಕರಿಯವರಿಗೆ, ಮೊದಲ ಮಹಡಿಯ ಬೆರಳಚ್ಚಿನ ರಾಯರಿಗೆ, ಹೀಗೆ. ಬೆರಳಚ್ಚಿನ ರಾಯರೆಂದರೆ ಮೂವತ್ತು ವರ್ಷ ನ್ಯಾಯಾಲಯದಲ್ಲಿ ತೀರ್ಪುಗಳನ್ನು ಟೈಪು ಮಾಡಿ ನಿವೃತ್ತರಾದವರು. ನ್ಯಾಯಾಧೀಶರು ಬರೀ ಮಾತಾಡಿದವರು, ತೀರ್ಪು ಕೊಟ್ಟದ್ದು ತಾವೇ ಎಂಬ ನಂಬಿಕೆ ಅವರದು.

“ಇಂಥದ್ದನ್ನೆಲ್ಲ ಗೊತ್ತಿರೋರು ಮಾಡ್ಬೇಕು ಸಾರ್,” ಅಂದರು ಬೇಕರಿಯವರು.

“ಅಂಥದ್ದೇನಿಲ್ಲ, ಸ್ವಲ್ಪ ತಲೆ ಓಡಿಸ್ಬೇಕು ಅಷ್ಟೆ,” ಅಂದರು ಸೀಲಪ್ಪನವರು. ಮೂರು ದಿನ ಅವರು ಮೆಟ್ಟಿಲನ್ನು ಇಂಜಿನಿಯರಂತೆ ಇಳಿದರು.

ನಾಲ್ಕನೆಯ ದಿನ ಬುಧವಾರ.

“ರೀ... ಇಲ್ಬನ್ನಿ. ಇದೇನ್ರೀ ಇದು?”

ಕೂಗಿದವರು ಹೆಂಡತಿ. ಊರಿಗೆಲ್ಲ ಅವರು ಗೊಂಬೆ ಡಾಕ್ಟರಮ್ಮ. ಮುರಿದ ಗೊಂಬೆಗಳನ್ನು ಸರಿಮಾಡುವುದು ಅವರ ಕಸುಬು. ಕಿಟಕಿಯ ಪಕ್ಕದ ಮೇಜಿನ ಮೇಲೆ ಸಾಲಾಗಿ ಡಬ್ಬಿಗಳು: ಕೈ, ಕಾಲು, ಕೂದಲು, ಕಣ್ಣು ನೀಲಿ, ಕಣ್ಣು ಕಂದು, ಕಣ್ಣು ಜೋಡಿ ಇಲ್ಲದ್ದು. ಅವರಿಗೊಂದು ಜಾಲತಾಣವೂ ಇತ್ತು. ಅದನ್ನು ಮಾಡಿಕೊಟ್ಟವನು ಅವರ ತಮ್ಮ. ಅದರೊಳಗಿನ ಮಾತುಗಳು ಮಾತ್ರ ಡಾಕ್ಟರಮ್ಮನವೇ. ‘ಕಿತ್ತುಬಂದ ಕಣ್ಣು ಕೂರಿಸಲಾಗುವುದು. ಮುರಿದ ಕತ್ತು ಜೋಡಿಸಲಾಗುವುದು. ಹೊಟ್ಟೆ ಸೀಳಿದ್ದರೂ ಹೆದರಬೇಡಿ, ತುಂಬಿ ಹೊಲಿದು ಕೊಡುತ್ತೇವೆ. ಮೊದಲಿನ ಮತ್ತು ನಂತರದ ಚಿತ್ರಗಳನ್ನು ಕೆಳಗೆ ನೋಡಿ.’

ಗುರಾಣಿಯ ಹಿಂದೆ ಅಡಗಿದ್ದವನು ಇದನ್ನು ಓದಿದ್ದ. ಚಿತ್ರಗಳನ್ನೂ ನೋಡಿದ್ದ. ಈಗ ಪರದೆ ಪೂರ್ತಿ ಕೆಂಪಗಾಗಿತ್ತು. ನಡುವೆ ಬಿಳಿ ಅಕ್ಷರ:

‘ಎಚ್ಚರ! ಈ ತಾಣವನ್ನು ತಡೆಹಿಡಿಯಲಾಗಿದೆ. ವರ್ಗ: ಹಿಂಸೆ, ಅಂಗಚ್ಛೇದ. ನಿಮ್ಮ ಕುಟುಂಬ ಈಗ ಸುರಕ್ಷಿತವಾಗಿದೆ.’

“ಯಾರಿಂದ ಸುರಕ್ಷಿತ?” ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟರು. “ನನ್ನಿಂದ?”

ಸೀಲಪ್ಪನವರು ಅವರ ಫೋನಿನಲ್ಲಿ ನೋಡಿದರು. ಕೆಂಪು. ತಮ್ಮದರಲ್ಲಿ ನೋಡಿದರು. ಇನ್ನೂ ಕೆಂಪು. ಕುಟುಂಬ ಪ್ಯಾಕ್ ಕುಟುಂಬದವರನ್ನೆಲ್ಲ ಸಮಾನವಾಗಿ ಕಂಡಿತ್ತು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅಂದು ಬೆಳಿಗ್ಗೆ ತಾನೇ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಿಂದ ಹಿರಿಯ ನರ್ಸಮ್ಮ ಫೋನು ಮಾಡಿದ್ದರು. ವಾರ್ಡಿನಲ್ಲಿ ಅರವತ್ತೆರಡು ಗೊಂಬೆಗಳು. ಅಲ್ಲಿನ ಮಕ್ಕಳು ಚುಚ್ಚುಮದ್ದನ್ನು ಮೊದಲು ಗೊಂಬೆಗೆ ಕೊಡಿಸಿ, ಅದು ಅಳಲಿಲ್ಲವೆಂದು ಖಾತ್ರಿಯಾದ ಮೇಲೇ ತಾವು ಕೈ ಚಾಚುವುದು. ವರ್ಷಗಟ್ಟಲೆ ಚುಚ್ಚಿಸಿಕೊಂಡು ಗೊಂಬೆಗಳೇ ಈಗ ಹಾಸಿಗೆ ಹಿಡಿದಿದ್ದವು. ಶನಿವಾರ ಮಧ್ಯಾಹ್ನ ಉಗ್ರಾಣದವರು ಹಳೆಯ ಸಾಮಾನನ್ನೆಲ್ಲ ಗಾಡಿಗೆ ತುಂಬುತ್ತಾರೆ.

“ನಿಮ್ಮ ಸೈಟಲ್ಲಿ ಅರವತ್ತೆರಡೂ ರೋಗಿಗಳ ನೋಂದಣಿ ಮಾಡಿದೀನಿ ಅಮ್ಮಾ,” ಅಂದಿದ್ದರು ನರ್ಸಮ್ಮ. “ಶನಿವಾರ ಹನ್ನೆರಡರೊಳಗೆ ನೀವು ಒಪ್ಪಿಕೊಂಡು ರಸೀದಿ ಕಳಿಸಿದ್ರೆ ಉಗ್ರಾಣದವರು ಬಿಡ್ತಾರೆ. ಬಾಯಿಮಾತಲ್ಲಿ ನಮ್ಮಾಸ್ಪತ್ರೆಯಿಂದ ಒಂದು ಹತ್ತಿ ಉಂಡೆನೂ ಆಚೆ ಹೋಗಲ್ಲ.”

ರಸೀದಿ ಹೊರಡಬೇಕಾದದ್ದು ಕೆಂಪು ಪರದೆಯ ಆಚೆಯಿಂದ.

ಸಂಜೆಯೊಳಗೆ ಸುದ್ದಿ ಮೆಟ್ಟಿಲು ಹತ್ತಿಳಿಯಿತು. ಏಳು ಮನೆಗಳಲ್ಲಿ ಸೀಲಪ್ಪನವರೇ ಕೂರಿಸಿದ ಕಾವಲುಗಾರ ಏಳು ಮನೆಗಳಲ್ಲೂ ಅವರ ಹೆಂಡತಿಯ ಮೇಲೆ ದೂರು ಹೇಳುತ್ತಿದ್ದ.

“ನಮ್ಮತ್ತಿಗೆಗೆ ತೋರಿಸೋಣ ಅಂತ ನಿಮ್ಮ ಪೇಜ್ ತೆಗೆದೆ,” ಅಂದರು ಗಣಿತದ ಟೀಚರು. “ಪರದೆ ಕೆಂಪಗಾಯ್ತು. ಅವರು ಕೆಂಪಗಾದ್ರು. ‘ಎಂಥೋರ ಎದುರುಮನೆಯಲ್ಲಿ ಇದ್ದೀಯ?’ ಅಂತ ಕೇಳ್ತಿದಾರೆ. ನಾನೇನು ಉತ್ತರ ಬರೀಲಿ?”

ಬೇಕರಿಯವರು ಬ್ರೆಡ್ಡು ಕಟ್ಟುತ್ತಾ ದನಿ ತಗ್ಗಿಸಿದರು. “ಸಾರ್, ನಂಗೇನೂ ಅನುಮಾನ ಇಲ್ಲ. ಸುಮ್ನೆ ಕೇಳ್ದೆ. ಮೊನ್ನೆ ಮೇಡಮ್ಮು ನಮ್ಮಂಗಡಿಯಿಂದ ಉದ್ದನೇ ಚಾಕು ಇಸ್ಕೊಂಡು ಹೋದ್ರಲ್ಲ...”

“ಸ್ಪಂಜು ಕೊಯ್ಯೋಕೆ ಕಣ್ರೀ!”

“ಅದೇ ಅದೇ, ಸ್ಪಂಜು. ನಾನೂ ಗಿರಾಕಿಗಳಿಗೆ ಅದನ್ನೇ ಹೇಳ್ತಿದೀನಿ.” ಹೇಳುತ್ತಿದ್ದಾರಂತೆ. ಯಾರೂ ಕೇಳದೆಯೇ.

ಬೆರಳಚ್ಚಿನ ರಾಯರು ಮಾತ್ರ ಕನ್ನಡಕವನ್ನು ಹಣೆಗೇರಿಸಿ, “ಮೇಲ್ನೋಟಕ್ಕೆ ಆಪಾದನೆ ಗಂಭೀರವಾಗಿದೆ,” ಅಂದು ಬಾಗಿಲು ಹಾಕಿಕೊಂಡರು.

ಆ ರಾತ್ರಿಯ ಊಟ ಇಬ್ಬರಿಗೂ ಸೇರಲಿಲ್ಲ. ಡಾಕ್ಟರಮ್ಮನಿಗೆ ಗೊಂಬೆಗಳ ಚಿಂತೆ. ಸೀಲಪ್ಪನವರಿಗೆ ಗೊಂಬೆಗಳದ್ದಷ್ಟೇ ಅಲ್ಲ, ‘ಆಪಾದನೆ’ ಎಂಬ ಪದದ್ದು.

ಗುರುವಾರ ಅವರು ರಜೆ ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಜ್ವರವಿಲ್ಲದೆ ಹಾಕಿದ ಮೊದಲ ರಜೆ. ಕೆಂಪು ಪರದೆಯನ್ನು ಮೂರು ಸಲ ಓದಿದರು. ಮೂರನೆಯ ಸಲಕ್ಕೆ ಫಲ ಸಿಕ್ಕಿತು. ಕೆಳಗೆ ಇರುವೆಯ ಗಾತ್ರದ ಅಕ್ಷರದಲ್ಲಿ, ‘ಇದು ತಪ್ಪೆಂದು ಅನ್ನಿಸಿದರೆ ಮರುಪರಿಶೀಲನೆಗೆ ವಿನಂತಿಸಿ’ ಎಂದಿತ್ತು. ಪಕ್ಕದಲ್ಲಿ ಒಂದು ಚಿಕ್ಕ ಪೆಟ್ಟಿಗೆ.

ವಿನಂತಿ! ಸೀಲಪ್ಪನವರ ಮುಖಕ್ಕೆ ರಕ್ತ ವಾಪಸ್ಸು ಬಂತು. ಇದು ತಮ್ಮ ಭಾಷೆ. ಕುರ್ಚಿ ಎಳೆದುಕೊಂಡು ಕೂತು ಬರೆದರು:

‘ಇವರಿಗೆ, ಮಾನ್ಯ ತಡೆ ಅಧಿಕಾರಿಗಳು. ಮಾನ್ಯರೇ, ವಿಷಯ: ನನ್ನ ಧರ್ಮಪತ್ನಿಯು ಹಿಂಸಾತ್ಮಕಳಲ್ಲದಿರುವ ಬಗ್ಗೆ. ಉಲ್ಲೇಖ: ತಮ್ಮ ಕೆಂಪು ಪರದೆ, ನಿನ್ನೆಯ ದಿನಾಂಕ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ...’

ಪೆಟ್ಟಿಗೆ ಅಲ್ಲಿಗೆ ತುಂಬಿಹೋಯಿತು. ಅರಿಕೆ ಇನ್ನೂ ಶುರುವಾಗಿರಲಿಲ್ಲ. ಆದ್ದರಿಂದ ಅರ್ಜಿಯನ್ನು ನಾಲ್ಕು ಕಂತಾಗಿ ಕಳಿಸಿದರು. ‘ನಿಮ್ಮ ವಿನಂತಿ ತಲುಪಿದೆ. ಐದರಿಂದ ಏಳು ದಿನಗಳಲ್ಲಿ ಉತ್ತರಿಸಲಾಗುವುದು’ ಎಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ನಾಲ್ಕು ಕಂತಿಗೆ ನಾಲ್ಕು ಉತ್ತರ.

“ನೋಡಿದ್ಯಾ, ಎಂಥ ಕಚೇರಿ!” ಎಂದು ಸೀಲಪ್ಪನವರು ಕುಣಿದಾಡುವಷ್ಟರಲ್ಲಿ ಡಾಕ್ಟರಮ್ಮ ಬೆರಳು ಮಡಿಚಿದರು. ಶುಕ್ರ ಒಂದು, ಶನಿ ಎರಡು.

ಕುಣಿತ ನಿಂತಿತು. ಸೀಲಪ್ಪನವರು ಬಾಲ್ಕನಿಗೆ ಹೋಗಿ ಭಾವಮೈದುನನಿಗೆ ಫೋನು ಮಾಡಿದರು.

ಈ ಭಾವಮೈದುನನ ವಿಷಯ ಒಂದೆರಡು ಮಾತು ಹೇಳಲೇಬೇಕು. ಅವನು ಬಸ್ ನಿಲ್ದಾಣದ ಪ್ರಕಟಣೆಕಾರ. ಇಂಥ ಬಸ್ಸು ಇಂಥ ಅಂಕಣದಲ್ಲಿ ನಿಂತಿದೆ ಎಂದು ದಿನವಿಡೀ ಮೈಕಿನಲ್ಲಿ ಹೇಳುವುದು ಅವನ ಉದ್ಯೋಗ. ಉಳಿದ ಹೊತ್ತಿನಲ್ಲಿ ಊರಿನವರ ದನಿಗಳನ್ನು ಕದಿಯುವುದು ಅವನ ಉಪಕಸುಬು. ಒಮ್ಮೆ ನಿಲ್ದಾಣದ ಮೇಲ್ವಿಚಾರಕರ ದನಿಯಲ್ಲಿ ತನಗೇ ಫೋನು ಮಾಡಿಕೊಂಡು ತನಗೇ ರಜೆ ಮಂಜೂರು ಮಾಡಿಕೊಂಡಿದ್ದನಂತೆ.

“ಭಾವ, ಇದಕ್ಕೆಲ್ಲ ಅರ್ಜಿ ಯಾಕೆ?” ಅಂದ ಅವನು. “ನನ್ನ ಹತ್ರಾನೂ ಅದೇ ಇದೆ. ಗುರಾಣಿ ಮೇಲೆ ಒತ್ತಿ, ಸೆಟ್ಟಿಂಗ್ಸಿಗೆ ಹೋಗಿ. ‘ಜಾಲತಾಣ ತಡೆ’ ಅಂತ ಒಂದು ಗುಂಡಿ ಇರತ್ತೆ. ಆಫ್ ಮಾಡಿ. ವೈರಸ್ ಕಾವಲು ಹಾಗೇ ಇರತ್ತೆ, ಇದೊಂದು ತೊಲಗತ್ತೆ. ಅರ್ಧ ನಿಮಿಷದ ಕೆಲಸ.”

“ಗುಂಡಿ ನಾನೂ ನೋಡಿದೀನಿ ಕಣೋ. ಅದಕ್ಕೆ ಗುಪ್ತಪದ ಹಾಕಿಟ್ಟೋನೂ ನಾನೇ.”

“ಮತ್ತೆ ಒತ್ತಿ!”

“ಒತ್ತಿದ್ರೆ ಪುಟ ತೆರೆಯತ್ತೆ. ಒಪ್ಪಿದೆ. ಆದ್ರೆ ಆಪಾದನೆ?” ಸೀಲಪ್ಪನವರು ಒಳಗೆ ಕೇಳಿಸದಂತೆ ಬಾಲ್ಕನಿಯ ಬಾಗಿಲು ಎಳೆದುಕೊಂಡರು. “ನಿಮ್ಮಕ್ಕನ ಮುಂದೆ ‘ಹಿಂಸೆ’ ಅಂತ ಯಾರೋ ಬರೆದಿದ್ದಾರೆ ಕಣೋ. ಕದ್ದು ಗುಂಡಿ ಒತ್ತಿದ್ರೆ ಅದು ಫೈಲಲ್ಲಿ ಹಾಗೇ ಉಳಿದುಬಿಡತ್ತೆ. ನಾಳೆ ಯಾರು ತೆಗೆದು ನೋಡಿದ್ರೂ ಹಿಂಸೆ, ಅಂಗಚ್ಛೇದ! ಅವಳು ಇರುವೆ ಕಂಡ್ರೆ ಸುತ್ತಿ ಹೋಗೋಳು. ನಂಗೆ ಬರೀ ಬಾಗಿಲು ತೆಗೆಯೋದು ಬೇಡ. ಖುಲಾಸೆ ಬೇಕು. ಆದೇಶ ಬೇಕು.”

“ಆದೇಶ ಬಂದ್ರೆ ಒತ್ತೀರಾ?” ಅಂತ ಕೇಳಿದ ಭಾವಮೈದುನ.

“ಒಂದು ಕ್ಷಣ ತಡ ಮಾಡಲ್ಲ.”

ಅರ್ಧ ಗಂಟೆಯ ನಂತರ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಡಾಕ್ಟರಮ್ಮ ದಾರ ತರಲು ಹೋಗಿದ್ದರು.

“ಹಲೋ.” ದನಿ ಬಾವಿಯ ಆಳದಿಂದ ಬಂದಂತಿತ್ತು. “ತಡೆ ಮತ್ತು ತೆರವು ವಿಭಾಗ. ತೆರವು ಅಧಿಕಾರಿ ಮಾತಾಡ್ತಿರೋದು.”

ಅದು ಯಾರ ದನಿಯೆಂದು ಓದುವವರಿಗೆ ತಿಳಿದಿದೆ. ಸೀಲಪ್ಪನವರಿಗೆ ತಿಳಿಯಲಿಲ್ಲ. ಅವರು ಅಷ್ಟರಲ್ಲಾಗಲೇ ಎದ್ದು ನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

“ನಮಸ್ಕಾರ ಸ್ವಾಮಿ! ನಮಸ್ಕಾರ!”

“ನಿಮ್ಮ ಅರ್ಜಿ ಓದಿದೆ. ನಾಲ್ಕು ಕಂತು. ಮೂರನೇ ಕಂತಿಗೆ ನಮ್ಮ ಗುಮಾಸ್ತ ಅತ್ತುಬಿಟ್ಟ.”

“ಕ್ಷಮಿಸಬೇಕು ಸ್ವಾಮಿ. ಪೆಟ್ಟಿಗೆ ಸಣ್ಣದಿತ್ತು.”

“ಇರಲಿ. ತೆರವಿಗೆ ಆದೇಶ ಮಾಡಿದೀನಿ. ಗುಂಡಿ ಆಫ್ ಮಾಡಿ. ನಿಮ್ಮ ಮನೆಯವರು ನಿರ್ದೋಷಿ. ಮುಗೀತು. ಇಡ್ತೀನಿ.”

“ಸ್ವಾಮಿ, ಸ್ವಾಮಿ, ಇಡಬೇಡಿ! ವಿಚಾರಣೆ?”

“...ಏನು?”

“ವಿಚಾರಣೆ ಇಲ್ದೆ ಆದೇಶ ಹೇಗೆ ಸ್ವಾಮಿ? ಸಾಕ್ಷಿ ಇಲ್ಲ, ಹೇಳಿಕೆ ಇಲ್ಲ. ನಾಳೆ ನಿಮ್ಮ ಮೇಲಿನವರು ಕಡತ ತರಿಸಿ ನೋಡಿದ್ರೆ ನಿಮಗೇ ತೊಂದರೆ. ನನ್ನಿಂದ ಒಬ್ಬ ಸಜ್ಜನ ಅಧಿಕಾರಿಯ ಕೆಲಸಕ್ಕೆ ಕುತ್ತು ಬರೋದು ನಂಗಿಷ್ಟ ಇಲ್ಲ.”

ಸಜ್ಜನ ಅಧಿಕಾರಿ ತಬ್ಬಿಬ್ಬಾದ. ಜಗತ್ತಿನ ಕುಚೋದ್ಯಗಾರರೆಲ್ಲ ಬಲಿಪಶುವನ್ನು ಹಳ್ಳದ ತನಕ ಎಳೆದುಕೊಂಡು ಹೋಗಬೇಕಾಗುತ್ತದೆ. ಇಲ್ಲಿ ಬಲಿಪಶು ತಾನೇ ಹಾರೆ ತಂದು ಹಳ್ಳವನ್ನು ಇನ್ನಷ್ಟು ತೋಡುತ್ತಿದ್ದ.

“ಹಾಗಿದ್ರೆ... ಒಂದು ಮೂರು ಜನರ ಸನ್ನಡತೆ ಪತ್ರ ಓದಿಬಿಡಿ, ಈಗಲೇ ಕೇಳ್ತೀನಿ.”

“ಈಗಲೇ ಬೇಡ ಸ್ವಾಮಿ. ಸಾಕ್ಷಿಗಳಿಗೆ ನೋಟೀಸು ಕೊಡೋಕೆ ಒಂದು ದಿನವಾದ್ರೂ ಬೇಕು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ? ನಿಮಗೆ ಬಿಡುವಿದ್ರೆ?”

ಆಚೆ ಕಡೆಯಿಂದ ಭೋಂ ಎಂದು ಹಾರನ್ನು ಕೇಳಿಸಿತು.

“ಏನದು ಸ್ವಾಮಿ?”

“ಸರ್ವರ್. ಹಿಂದಕ್ಕೆ ತೆಗೀತಿದಾರೆ,” ಅಂದ ಅಧಿಕಾರಿ, ಸೋತ ದನಿಯಲ್ಲಿ. “ಸರಿ. ಶನಿವಾರ ಹನ್ನೊಂದು.”

ಶುಕ್ರವಾರವೆಲ್ಲ ಸೀಲಪ್ಪನವರು ಮೆಟ್ಟಿಲು ಹತ್ತಿಳಿದರು. ಈ ಸಲ ಇಂಜಿನಿಯರಂತಲ್ಲ, ಕೈಯಲ್ಲಿ ಬಿಳಿ ಹಾಳೆಗಳ ಕಟ್ಟು ಹಿಡಿದು, ಬೆವರೊರೆಸಿಕೊಳ್ಳುತ್ತಾ, ಪ್ರತಿ ಬಾಗಿಲಲ್ಲೂ ಒಂದೇ ಮಾತು: “ನಮ್ಮ ಮನೆಯವಳ ನಡತೆ ಬಗ್ಗೆ ನಿಮಗೆ ತಿಳಿದದ್ದನ್ನ ಬರೆದು ಸಹಿ ಹಾಕ್ಬೇಕು. ಸತ್ಯವನ್ನೇ ಬರೀರಿ. ಹೊಗಳೋದೇನೂ ಬೇಡ.” ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಂದೆ ಬಂದು, “ಹೊಗಳಿದ್ರೂ ಪರವಾಗಿಲ್ಲ.”

ಕೇಳಿದ್ದು ಮೂರು ಪತ್ರ. ಸಂಜೆಗೆ ಇಪ್ಪತ್ತೇಳಾದವು. ಪೋಸ್ಟಿನವಳು ಬರೆದುಕೊಟ್ಟಳು. ದೀಪ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್, ಡಾಕ್ಟರಮ್ಮನನ್ನು ಎಂದೂ ನೋಡಿರದವನು, ‘ಇವರ ಮನೆಯ ಬಾಗಿಲು ಯಾವಾಗಲೂ ಒರೆಸಿರುತ್ತದೆ’ ಎಂದು ಬರೆದ. ಬೆರಳಚ್ಚಿನ ರಾಯರು ಮೊದಲು ತಟಸ್ಥರಾಗಿದ್ದವರು, ವಿಚಾರಣೆಯೆಂಬ ಪದ ಕಿವಿಗೆ ಬಿದ್ದದ್ದೇ ಮಂಚದ ಕೆಳಗಿನ ಟೈಪ್‌ರೈಟರ್ ಎಳೆದು, ಎಲ್ಲರ ಹೇಳಿಕೆಗಳನ್ನೂ ತಾವೇ ಅಚ್ಚುಮಾಡಿಕೊಡುತ್ತೇನೆಂದು ಹಟ ಹಿಡಿದರು. ಕಟ್ಟಡವೆಲ್ಲ ಟಕಟಕ.

ಡಾಕ್ಟರಮ್ಮ ಇದನ್ನೆಲ್ಲ ನೋಡಿ, “ರೀ, ಆ ಗುಂಡಿ ಒತ್ತಿಬಿಡಿ. ನನಗ್ಯಾವ ಖುಲಾಸೆನೂ ಬೇಡ. ಹನ್ನೆರಡಕ್ಕೆ ಗಾಡಿ ಬರತ್ತೆ,” ಅಂದರು.

“ನನ್ನ ಮೇಲೆ ನಂಬಿಕೆ ಇಡು,” ಅಂದರು ಸೀಲಪ್ಪನವರು. “ಹನ್ನೊಂದೂ ಮುಕ್ಕಾಲಿಗೆ ಆದೇಶ ಬರದಿದ್ರೆ ನಾನೇ ಕಾನೂನು ಮುರೀತೀನಿ.” ಕಾನೂನಿರಲಿ, ಬಿಸ್ಕತ್ತನ್ನು ಕೂಡ ಅವರು ನಡುವಿನ ಗೆರೆಯಲ್ಲೇ ಮುರಿಯುವವರು. ಅದನ್ನು ಬಲ್ಲ ಹೆಂಡತಿ ಸೂಜಿಗೆ ದಾರ ಪೋಣಿಸತೊಡಗಿದರು.

ಶನಿವಾರ ಹನ್ನೊಂದು ಗಂಟೆಗೆ ಗೊಂಬೆಗಳ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಗಳಲ್ಲಿ ಸಾಕ್ಷಿಗಳು, ಕಪಾಟಿನಲ್ಲಿ ರೋಗಿಗಳು. ಮೇಜಿನ ಮೇಲೆ ಕಂಪ್ಯೂಟರು ಕೆಂಪಗೆ ಉರಿಯುತ್ತಿತ್ತು. ಅದರ ಮುಂದೆ ಬೋರಲು ಹಾಕಿದ ಬಟ್ಟಲಿನ ಮೇಲೆ ಫೋನು, ಸ್ಪೀಕರು ಹಾಕಿ. ಸೀಲಪ್ಪನವರು ಇಸ್ತ್ರಿ ಅಂಗಿ ತೊಟ್ಟು, ಟೈ ಕಟ್ಟಿ, ಬೂಟು ಹಾಕಿ ಆ ಬಟ್ಟಲಿಗೆ ಎದುರಾಗಿ ನೆಟ್ಟಗೆ ನಿಂತಿದ್ದರು.

“ವಿಚಾರಣೆ ಶುರು,” ಅಂದಿತು ಬಟ್ಟಲು. “ಮೊದಲನೇ ಸಾಕ್ಷಿ.”

ಡಾಕ್ಟರಮ್ಮ ಒಮ್ಮೆಲೇ ತಲೆಯೆತ್ತಿದರು. ಫೋನನ್ನು ನೋಡಿದರು. ಗಂಡನನ್ನು ನೋಡಿದರು. ಬಾಯಿಗೆ ಅಂಗೈ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿಕೊಂಡರು. ಭುಜ ಸಣ್ಣಗೆ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾರೆ ಅಂದುಕೊಂಡರು ಎಲ್ಲರೂ.

ಗಣಿತದ ಟೀಚರು ಎದ್ದರು. “ಒಂದು, ನನ್ನ ಮಗಳ ಗೊಂಬೆಯ ಕಾಲನ್ನು ಇವರು ಜೋಡಿಸಿದ್ದಾರೆ. ಎರಡು, ಎಡಗಾಲಿಗಿಂತ ಬಲಗಾಲು ಎರಡು ಮಿಲಿಮೀಟರ್ ಉದ್ದವಾಯ್ತು. ಮೂರು, ನಾನು ಹೇಳದೇ ಇದ್ರೂ ಮಾರನೇ ದಿನ ತಾವೇ ಬಂದು ಸರಿಮಾಡಿದ್ರು. ಆದ್ದರಿಂದ ಸಾಧಿಸಿದ್ದೇನೆಂದರೆ, ಇವರು ಒಳ್ಳೆಯವರು.”

“ದಾಖಲಾಯ್ತು. ಎರಡನೇ ಸಾಕ್ಷಿ.”

ಬೇಕರಿಯವರು ಮುಂದೆ ಬಂದರು. “ಸ್ವಾಮಿ, ಚಾಕು ನಂದೇ. ಕೊಟ್ಟೋನೂ ನಾನೇ. ವಾಪಸ್ ಬಂದಾಗ ಮೊದಲಿಗಿಂತ ಹರಿತ ಇತ್ತು, ತೊಳೆದೂ ಇತ್ತು. ರಕ್ತಗಿಕ್ತ ಏನೂ ಇರ್ಲಿಲ್ಲ. ನಾನು ಚೆನ್ನಾಗಿ ನೋಡ್ದೆ.” ಆಮೇಲೆ ನೆಲ ನೋಡುತ್ತಾ ಅಂದರು, “ನೋಡಬಾರದಾಗಿತ್ತು. ಅದಕ್ಕೆ ಕ್ಷಮೆ ಕೇಳ್ತೀನಿ, ಮೇಡಂ.”

ಬೀಪ್ ಬೀಪ್ ಬೀಪ್ ಅಂತ ಫೋನಿನಿಂದ ಸದ್ದು.

“ಸರ್ವರ್,” ಎಂದು ಸೀಲಪ್ಪನವರು ಸಭೆಗೆ ಪಿಸುಗುಟ್ಟಿದರು. “ಹಿಂದಕ್ಕೆ ತೆಗೀತಿದಾರೆ.” ಎಲ್ಲರೂ ಗೌರವದಿಂದ ತಲೆದೂಗಿದರು.

ಬೆರಳಚ್ಚಿನ ರಾಯರು ಒಟ್ಟು ಸಾರಾಂಶವನ್ನು ಓದಹೊರಟು ‘ಯಥಾಪ್ರಕಾರ’ವೆಂಬ ಪದವನ್ನು ಒಂಬತ್ತು ಸಲ ಬಳಸುವಷ್ಟರಲ್ಲಿ ಗಡಿಯಾರದ ಮುಳ್ಳು ಹನ್ನೊಂದೂವರೆಗೆ ಬಂದಿತ್ತು. ಅಧಿಕಾರಿ ಅವಸರಪಟ್ಟ. “ಸಾಕು ಸಾಕು. ಕೊನೆಯದಾಗಿ ಅರ್ಜಿದಾರರು. ನೀವು ಈ ತಾಣವನ್ನ ಪೂರ್ತಿ ನೋಡಿದ್ದೀರಲ್ಲ? ಹೌದು ಅನ್ನಿ, ಮುಗಿಸೋಣ.”

ಹೌದು ಅನ್ನಬೇಕಿತ್ತು. ಎರಡಕ್ಷರ. ಕಚೇರಿಯಲ್ಲಿ ಎಲ್ಲರಿಗೂ ‘ನಮ್ಮನೆಯೋರ ಸೈಟ್ ನೋಡಿ’ ಎಂದು ಹೇಳಿಕೊಂಡು ತಿರುಗಿದ್ದವರೇ ಅಲ್ಲವೇ? ಸೀಲಪ್ಪನವರು ಟೈ ಸಡಿಲಿಸಿದರು. ವಿಚಾರಣೆಯಲ್ಲಿ ಸುಳ್ಳಾಡಲು ಅವರಿಗೆ ಬರುತ್ತಿರಲಿಲ್ಲ.

“ಇಲ್ಲ ಸ್ವಾಮಿ.”

ಕೋಣೆಯಲ್ಲಿ ಯಾರೋ ಹಾ ಅಂದರು. ಡಾಕ್ಟರಮ್ಮ ಕಿಟಕಿಯಿಂದ ಈಚೆ ತಿರುಗಿದರು.

“ಒಂದು ದಿನಾನೂ ತೆಗೆದು ನೋಡಿಲ್ಲ. ಅದು ನನ್ನ ತಪ್ಪು. ಆದ್ರೆ ಆ ಪೇಜು ಬರೆಯೋರ ಪಕ್ಕದಲ್ಲೇ ಕೂತು ಪೇಪರ್ ಓದಿದೀನಿ, ಹನ್ನೆರಡು ವರ್ಷ. ಪೇಪರ್ ಮೇಲಿಂದ ನೋಡಿದೀನಿ.” ಸೀಲಪ್ಪನವರು ಕಪಾಟಿನ ಕಡೆ ಕೈ ತೋರಿಸಿದರು. “ಒಂದು ಗೊಂಬೆಗೆ ತಲೆ ಕಳಚಬೇಕಾದ್ರೆ ಇವಳು ಏನು ಮಾಡ್ತಾಳೆ ಗೊತ್ತಾ ಸ್ವಾಮಿ? ಮೊದಲು ಕಪಾಟಿನ ಮೇಲಿರೋ ಬೇರೆ ಗೊಂಬೆಗಳಿಗೆಲ್ಲ ಒಂದು ಬಟ್ಟೆ ಹೊದಿಸ್ತಾಳೆ. ಅವು ನೋಡಬಾರದು ಅಂತ. ಚಿಮುಟ ಹಿಡಿದು ಕಣ್ಣು ತೆಗೆಯೋವಾಗ, ‘ಒಂದೇ ನಿಮಿಷ ಕಂದ’ ಅಂತಾಳೆ. ಯಾರೂ ಕೇಳಿಸ್ಕೊಳ್ತಿಲ್ಲ ಅಂದ್ಕೊಂಡು ಅಂತಾಳೆ. ನಾನು ಪೇಪರ್ ಹಿಂದೆ ಕೇಳಿಸ್ಕೊಳ್ತಿರ್ತೀನಿ. ಇದಕ್ಕೆ ಹಿಂಸೆ ಅಂತ ಹೆಸರಿಟ್ರೆ, ಸ್ವಾಮಿ, ಅಕ್ಕರೆಗೆ ಏನಂತ ಹೆಸರಿಡ್ತೀರಿ? ನಿಮ್ಮ ಹತ್ರ ಅದಕ್ಕೆ ವರ್ಗ ಇದೆಯಾ?”

ನಿಲ್ದಾಣದ ಆ ಪುಟ್ಟ ಗಾಜಿನ ಕೋಣೆಯಲ್ಲಿ ಕೂತವನಿಗೆ ಒಂದು ಕಿವಿಯ ಬಟ್ಟೆಕರಡಿ ಕಣ್ಮುಂದೆ ಬಂದಿತ್ತು. ಅವನು ಆರು ವರ್ಷದವನಾಗಿದ್ದಾಗ ಅಕ್ಕ ಹೊಲಿದುಕೊಟ್ಟ ಮೊದಲ ರೋಗಿ. ಬಾವಿಯ ಆಳದ ದನಿಯನ್ನು ಮತ್ತೆ ಹುಡುಕಿದ. ಸಿಗಲಿಲ್ಲ.

“ಆದೇಶ...” ಮೂಗು ಒರೆಸಿದ ಸದ್ದು. “ಆದೇಶ ಆಗಿದೆ. ಒತ್ತಿ, ಭಾವ.”

ಇಡೀ ಕೋಣೆ ಆ ಕೊನೆಯ ಪದವನ್ನು ಕೇಳಿತು. ಟೀಚರು ಹುಬ್ಬೇರಿಸಿದರು. ಬೆರಳಚ್ಚಿನ ರಾಯರ ಬೆರಳು ಗಾಳಿಯಲ್ಲೇ ನಿಂತಿತು. ಕೇಳದವರು ಒಬ್ಬರೇ. ‘ಆದೇಶ ಆಗಿದೆ’ ಎಂಬಲ್ಲಿಗೆ ಸೀಲಪ್ಪನವರ ಕಿವಿ ತನ್ನ ಕೆಲಸ ಮುಗಿಸಿತ್ತು. ಅವರು ಗುರಾಣಿ ಒತ್ತಿದರು, ಸೆಟ್ಟಿಂಗ್ಸಿಗೆ ಹೋದರು, ಗುಪ್ತಪದ ಬರ್ರನೆ ಹೊಡೆದರು, ಗುಂಡಿಯನ್ನು ಎಡಕ್ಕೆ ಸರಿಸಿದರು. ‘ಜಾಲತಾಣ ತಡೆಯನ್ನು ನಿಲ್ಲಿಸಬೇಕೆ?’ ಎಂದಿತು ಪರದೆ. ‘ಹೌದು’ ಒತ್ತಿದರು.

ಕೆಂಪು ಹೋಯಿತು. ಕಿಟಕಿಯ ಬೆಳಕಲ್ಲಿ ತೆಗೆದ ಗೊಂಬೆಗಳ ಚಿತ್ರಗಳು ಒಂದೊಂದಾಗಿ ಪರದೆಯ ಮೇಲೆ ಕಣ್ಣು ತೆರೆದವು. ಡಾಕ್ಟರಮ್ಮ ಗಂಡನನ್ನು ಸೊಂಟದಿಂದ ಪಕ್ಕಕ್ಕೆ ತಳ್ಳಿ ಕುರ್ಚಿ ಹಿಡಿದರು. ಒಂದನೇ ರೋಗಿ, ಒಪ್ಪಿದೆ. ಎರಡನೇ ರೋಗಿ, ಒಪ್ಪಿದೆ. ಹಿಂದೆ ನಿಂತವರೆಲ್ಲ ಒಟ್ಟಿಗೆ ಎಣಿಸತೊಡಗಿದರು. ಅರವತ್ತೆರಡು ಅಂದಾಗ ಹನ್ನೊಂದು ಐವತ್ತೆರಡು. ರಸೀದಿ ಹೋಯಿತು. ಎರಡೇ ನಿಮಿಷಕ್ಕೆ ನರ್ಸಮ್ಮನ ಫೋನು: “ಬಂತು ಅಮ್ಮಾ! ಉಗ್ರಾಣದವರು ಗೊಣಗ್ತಿದಾರೆ, ಆದ್ರೆ ಬಿಟ್ರು. ಸೋಮವಾರ ಎಲ್ಲಾರನ್ನೂ ಕರ್ಕೊಂಡು ಬರ್ತೀನಿ.”

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಸೀಲಪ್ಪನವರು ಬಟ್ಟಲಿನತ್ತ ಬಾಗಿ ವಿನಯದಿಂದ ಕೇಳಿದರು, “ಸ್ವಾಮಿ, ಇನ್ನೂ ಇದ್ದೀರಾ? ಆದೇಶದ ಒಂದು ದೃಢೀಕೃತ ಪ್ರತಿ...”

ಡಾಕ್ಟರಮ್ಮ ಫೋನೆತ್ತಿಕೊಂಡರು. “ಏಯ್ ಕತ್ತೆ. ನಿಮ್ಮ ಭಾವ ಪ್ರತಿ ಕೇಳ್ತಿದಾರೆ. ಯಾವ ಅಂಕಣಕ್ಕೆ ಬರ್ಬೇಕು ಹೇಳು.”

“ಅಕ್ಕಾ... ಬೈಬೇಡ. ನಾನು ಗುರುವಾರನೇ ಬಿಡುಗಡೆ ಮಾಡಿದ್ದೆ ಕಣೇ. ವಿಚಾರಣೆ ಬೇಕು ಅಂದಿದ್ದು ಅವರೇ!”

ಈಗ ಎಲ್ಲರ ಕಣ್ಣೂ ಸೀಲಪ್ಪನವರ ಮೇಲೆ. ಅವರ ಮುಖ ಬೆಳ್ಳಗಾಯಿತು. ಬೇಕರಿಯವರು ಸದ್ದಿಲ್ಲದೆ ಕುರ್ಚಿ ಮುಂದಕ್ಕೆ ತಳ್ಳಿದರು. ಸೀಲಪ್ಪನವರು ಕೂತರು.

“ಹಾಗಾದ್ರೆ,” ಅಂದರು ಮೆಲ್ಲಗೆ, “ಆಪಾದನೆ ಹಾಗೇ ಉಳೀತು.”

ಇದಕ್ಕೆ ಯಾರೂ ನಗಲಿಲ್ಲ. ಡಾಕ್ಟರಮ್ಮ ಇಪ್ಪತ್ತೇಳು ಹಾಳೆಗಳ ಕಟ್ಟನ್ನು ಎತ್ತಿಕೊಂಡು ಅವರ ಮುಂದೆ ಮಂಡಿಯೂರಿ ಕೂತರು.

“ಯಾವುದೋ ಯಂತ್ರ ಒಂದು ಸಾಲು ಬರೀತು. ನೀವು ಬಾಗಿಲು ಬಾಗಿಲಿಗೆ ಹೋಗಿ ಇಷ್ಟು ಬರೆಸ್ಕೊಂಡು ಬಂದಿದ್ದೀರಿ. ಆಮೇಲೆ ಇಷ್ಟು ಜನರ ಮುಂದೆ ನಿಂತು, ನಾನು ಗೊಂಬೆ ಹತ್ರ ಆಡೋ ಗುಟ್ಟಿನ ಮಾತನ್ನೆಲ್ಲ ಹೊರಗೆ ಹಾಕಿದ್ದೀರಿ. ಇನ್ನೆಂಥ ಖುಲಾಸೆ ಬೇಕ್ರೀ ನಂಗೆ?”

ಸೀಲಪ್ಪನವರು ಆ ಕಟ್ಟನ್ನು ಎರಡೂ ಕೈಯಿಂದ ಈಸಿಕೊಂಡರು. ಆಮೇಲೆ ಫೋನಿನತ್ತ ತಿರುಗಿ, ವಿಚಾರಣಾಧಿಕಾರಿಯ ಗಾಂಭೀರ್ಯದಿಂದ ಕೇಳಿದರು:

“ಲೋ. ಗುರುವಾರ ನಾನು ಎದ್ದು ನಿಂತು ಎರಡೆರಡು ಸಲ ನಮಸ್ಕಾರ ಅಂದದ್ದು ನಿನಗೇನೋ?”

“ನಂಗೇ ಭಾವ.”

“ಇವತ್ತು ಟೈ ಕಟ್ಟಿ ನಿಂತಿದ್ದು?”

“ಟೈ ಬೇರೆ ಕಟ್ಟಿದ್ರಾ?”

“ಬೂಟೂ ಹಾಕಿದೀನಿ ಕಣೋ...”

ಆ ‘ಕಣೋ’ ಮುಗಿಯಲಿಲ್ಲ. ಸೀಲಪ್ಪನವರು ಬೋರಲು ಬಟ್ಟಲನ್ನು ನೋಡಿದರು, ತಮ್ಮ ಹೊಳೆಯುವ ಬೂಟನ್ನು ನೋಡಿದರು, ಟೈಪ್‌ರೈಟರ್ ಅಪ್ಪಿಕೊಂಡು ಕೂತ ರಾಯರನ್ನು ನೋಡಿದರು. ಮೊದಲು ಭುಜ ಕುಣಿಯಿತು, ಆಮೇಲೆ ಕುರ್ಚಿ. ನಗು ಗಂಟಲಿಗೆ ಬಂದಾಗ ಅದು ಮನುಷ್ಯನ ಸದ್ದಿನ ಹಾಗಿರಲಿಲ್ಲ. ಇಪ್ಪತ್ತಾರು ವರ್ಷ ಆವಕದಲ್ಲಿ ಬಾಕಿ ಬಿದ್ದದ್ದೆಲ್ಲ ಒಟ್ಟಿಗೆ ವಿಲೇವಾರಿಯಾದ ಹಾಗಿತ್ತು. ಟೀಚರು ನಕ್ಕರು, ಬೇಕರಿಯವರು ಗೋಡೆ ಹಿಡಿದು ನಕ್ಕರು, ರಾಯರು ಕನ್ನಡಕ ತೆಗೆದು ನಕ್ಕರು, ಫೋನಿನೊಳಗಿದ್ದವನು ಕೆಮ್ಮಿ ಕೆಮ್ಮಿ ನಕ್ಕ. ಡಾಕ್ಟರಮ್ಮನಿಗೆ ಕಣ್ಣೀರು ಬಂತು, ಅದೂ ನಗುವಿನದೇ. ಆದರೆ ಅಷ್ಟೂ ಜನರ ನಗು ಸೇರಿದರೂ ಸೀಲಪ್ಪನವರ ನಗು ಮುಚ್ಚಿಹೋಗಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಎರಡನೆಯ ಮಹಡಿಯ ಕಿಟಕಿಯತ್ತ ತಲೆಯೆತ್ತಿ ನೋಡಿದರು.